ಅಮೆರಿಕದ ಅಂತರ್ಯುದ್ಧದ ವೈದ್ಯಕೀಯದ ಬಗ್ಗೆ ಉಪನ್ಯಾಸ: ಶಸ್ತ್ರಚಿಕಿತ್ಸೆಯ ಚಿತ್ರಗಳನ್ನು ಎಷ್ಟು ತೋರಿಸಬಹುದು?

ಗ್ರಂಥಾಲಯದವರು ಮುಕ್ಕಾಲು ಗಂಟೆ ಕೊಟ್ಟಿದ್ದಾರೆ, ಕೇಳುಗರು ತೂಕಡಿಸಬಾರದು ಎಂದು ಬರೆದಿದ್ದೀರಿ. ನಾನೂ ಅಮೆರಿಕದ ಮೇರಿಲ್ಯಾಂಡ್ ರಾಜ್ಯಕ್ಕೆ ಬಂದ ಹೊಸತರಲ್ಲಿ ಇದೇ ಭಯಕ್ಕೆ ಗರಗಸದಿಂದಲೇ ಮಾತು ಶುರು ಮಾಡಿದ್ದೆ.

1862ರ ಸೆಪ್ಟೆಂಬರ್ 17, ಇದೇ ರಾಜ್ಯದಲ್ಲಿ ನಡೆದ ಆಂಟೀಟಮ್ ಕದನ. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಒಂದೇ ದಿನಕ್ಕೆ ಸುಮಾರು 23,000. ಅರಿವಳಿಕೆಯಿಲ್ಲದೆ ಕಾಲು ಕತ್ತರಿಸುವ ವೈದ್ಯ, ಸೀಸದ ಗುಂಡನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದ ಸೈನಿಕ, ಎಲ್ಲವನ್ನೂ ರಸವತ್ತಾಗಿ ಬಣ್ಣಿಸಿದೆ. ಜನ ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದರು. ಮುಗಿದ ಮೇಲೆ ನಿವೃತ್ತ ನರ್ಸ್ ಒಬ್ಬರು ಎದ್ದು, “ಕ್ಲೋರೋಫಾರ್ಮ್ ಎಲ್ಲಿ ಹೋಯಿತು?” ಎಂದರು. ನಾನು ತಡಬಡಾಯಿಸಿದೆ. ಸರಣಿಯ ಉಳಿದ ಉಪನ್ಯಾಸಗಳು ಬೇರೆಯವರ ಪಾಲಾದವು.

ಇದನ್ನು ಬಿಡಿಸಿಯೇ ಹೇಳಬೇಕು, ಏಕೆಂದರೆ ಎಡವುವವರೆಲ್ಲ ಇಲ್ಲೇ ಎಡವುತ್ತಾರೆ. ಅರಿವಳಿಕೆಯ ಔಷಧಗಳಾದ ಈಥರ್ 1846ರಲ್ಲಿ, ಕ್ಲೋರೋಫಾರ್ಮ್ 1847ರಲ್ಲಿ ಬಳಕೆಗೆ ಬಂದಾಗಿತ್ತು. ಈ ಯುದ್ಧದ ದೊಡ್ಡ ಶಸ್ತ್ರಚಿಕಿತ್ಸೆಗಳಲ್ಲಿ ಬಹುಪಾಲು ಅರಿವಳಿಕೆ ಕೊಟ್ಟೇ ನಡೆದವು. ಬಟ್ಟೆಯನ್ನು ಶಂಕುವಿನಾಕಾರದಲ್ಲಿ ಮಡಚಿ, ಔಷಧ ಹನಿಸಿ, ಮೂಗಿನ ಮೇಲೆ ಹಿಡಿಯುತ್ತಿದ್ದರು. ಪೂರ್ತಿ ಪ್ರಜ್ಞೆ ತಪ್ಪುವ ಮೊದಲು ಉದ್ರೇಕದ ಹಂತವೊಂದು ಬರುತ್ತದೆ: ರೋಗಿ ನರಳುತ್ತಾನೆ, ಕೈಕಾಲು ಬಡಿಯುತ್ತಾನೆ, ಇತರರು ಅವನನ್ನು ಅದುಮಿ ಹಿಡಿಯಬೇಕಾಗುತ್ತದೆ. ಆಮೇಲೆ ಅವನಿಗೆ ಅದೊಂದೂ ನೆನಪಿರುವುದಿಲ್ಲ. ಬೆಳಕಿಗಾಗಿ ಎಷ್ಟೋ ಸಲ ಬಯಲಿನಲ್ಲೇ ಕೊಯ್ಯುತ್ತಿದ್ದರು. ಕಂಡವರು, ಎಚ್ಚರವಿದ್ದವನನ್ನೇ ಕತ್ತರಿಸಿದರು ಎಂದು ಊರಿಗೆಲ್ಲ ಸಾರಿದರು. ನಾನು ನಂಬಿದ್ದು ಆ ನೋಡುಗರನ್ನು. ವೈದ್ಯರ ದಾಖಲೆಗಳತ್ತ ಕಣ್ಣೆತ್ತಿಯೂ ನೋಡಿರಲಿಲ್ಲ. ಅಸಲಿ ಅಪಾಯ ತೊಳೆಯದ ಕೈಯಲ್ಲಿತ್ತು. ಬ್ರಿಟನ್ನಿನ ಶಸ್ತ್ರವೈದ್ಯ ಜೋಸೆಫ್ ಲಿಸ್ಟರ್ ತನ್ನ ನಂಜುನಿರೋಧಕ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ, ಯುದ್ಧ ಮುಗಿದು ಎರಡು ವರ್ಷಕ್ಕೆ. ಅಷ್ಟೇ ಅಲ್ಲ, ಸಾವಿನಲ್ಲಿ ಸುಮಾರು ಮೂರನೇ ಎರಡು ಪಾಲು ಭೇದಿ, ಟೈಫಾಯ್ಡ್‌ನಂತಹ ಕಾಯಿಲೆಗಳದ್ದು. ಗರಗಸಕ್ಕೂ ಅದಕ್ಕೂ ಸಂಬಂಧವೇ ಇಲ್ಲ.

ಹಾಗಾಗಿ ಚಿತ್ರ ಎಷ್ಟು ಎಂಬ ಲೆಕ್ಕವನ್ನೇ ಬಿಡಿ. ಅರ್ಧ ಸಮಯವನ್ನು ಯುದ್ಧ ಮುಗಿದ 1865ರ ನಂತರದ ಕಾಲಕ್ಕೆ ಮೀಸಲಿಡಿ. ಸಂಘಟಕರು ಹುಬ್ಬು ಗಂಟಿಕ್ಕಿದರೂ ಪರವಾಗಿಲ್ಲ. ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದ್ದ ಕ್ಲಾರಾ ಬಾರ್ಟನ್ ವಾಷಿಂಗ್ಟನ್ನಿನ ಬಾಡಿಗೆ ಕೋಣೆಗಳಿಂದ 1868ರವರೆಗೆ ಕಾಣೆಯಾದ ಸೈನಿಕರನ್ನು ಹುಡುಕಿದರು. ಬಂದ ಕಾಗದಗಳು 63,000ಕ್ಕೂ ಹೆಚ್ಚು, ಸುಳಿವು ಸಿಕ್ಕಿದ್ದು ಸುಮಾರು 22,000 ಮಂದಿಯದ್ದು. ಕೆಡವಬೇಕಿದ್ದ ಆ ಕಟ್ಟಡದ ಅಟ್ಟದಲ್ಲಿ ಅವರ ಕಚೇರಿಯ ಫಲಕ ಸಿಕ್ಕಿದ್ದು 1990ರ ದಶಕದಲ್ಲಿ! ಈ ಯುದ್ಧದ ಕೊನೆಯ ಪಿಂಚಣಿದಾರರು ಒಬ್ಬ ಸೈನಿಕನ ಮಗಳು. ತಿಂಗಳಿಗೆ 73 ಡಾಲರ್ 13 ಸೆಂಟ್ ಪಡೆಯುತ್ತಿದ್ದ ಅವರು ತೀರಿಕೊಂಡದ್ದು 2020ರಲ್ಲಿ. ಇದನ್ನು ಹೇಳಿ ನೋಡಿ, ಯಾರು ತೂಕಡಿಸುತ್ತಾರೆ?

ಏನಾದರೂ ತೋರಿಸಲೇಬೇಕೆಂದರೆ, ಬಲಗೈ ಕಳೆದುಕೊಂಡ ಸೈನಿಕರಿಗಾಗಿ ಯುದ್ಧದ ನಂತರ ನ್ಯೂಯಾರ್ಕಿನ ಪತ್ರಿಕೆಯೊಂದರ ಸಂಪಾದಕರು ಎಡಗೈ ಬರವಣಿಗೆಯ ಸ್ಪರ್ಧೆ ನಡೆಸಿದ್ದರು. ಆ ಹಾಳೆಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಅವುಗಳಲ್ಲಿ ಒಂದನ್ನು ದೊಡ್ಡದಾಗಿ ಪರದೆಯ ಮೇಲೆ ಹಾಕಿ. ಇನ್ನೊಂದು ಮಾತು: ಪ್ರಶ್ನೋತ್ತರಕ್ಕೆ ಧಾರಾಳವಾಗಿ ಸಮಯ ಬಿಡಿ. ಈ ಕಡೆಯ ಸಭೆಗಳಲ್ಲಿ ಯಾರಾದರೊಬ್ಬರು ತಮ್ಮ ಪೂರ್ವಜರ ಪಿಂಚಣಿ ಕಡತದ ನಕಲು ಹಿಡಿದು ಬಂದಿರುತ್ತಾರೆ. ಮೈಕನ್ನು ಅವರ ಕೈಗೆ ಕೊಟ್ಟು ನೀವು ಕುಳಿತುಕೊಳ್ಳಿ.