ಗುಂಡಿಗೆ ಇದ್ದರೆ ಕೊಳ್ಳಿ

ಪ್ರಶ್ನೆ: ಮಾರಾಟಕ್ಕಿರುವ ಹಳೆಯ ಕಾನ್ಸರ್ಟಿನಾ ಒಂದರ ಫೋಟೋವನ್ನು ನಮ್ಮ ವಾದ್ಯವೃಂದದ ಗೆಳೆಯರೊಬ್ಬರು ಅಭ್ಯಾಸಕ್ಕೆ ತಂದಿದ್ದರು. ಎರಡು ಕೈಯಲ್ಲಿ ಹಿಡಿದು, ತಿದಿ ಎಳೆದು ಒತ್ತುತ್ತ, ಗುಂಡಿಗಳಿಂದ ನುಡಿಸುವ ಆರು ಮೂಲೆಯ ಪೆಟ್ಟಿಗೆ. ಎರಡೂ ಬದಿಗೆ ನೇರಳೆ ಮಖಮಲ್, ಅದರ ಮೇಲೆ ಚಮಕಿ, ಕನ್ನಡಿ ಚೂರು. ತಿದಿಯ ತುಂಬ ಚಿನ್ನದ ಬಣ್ಣದ ನಕ್ಷತ್ರ. ಸಾಲದ್ದಕ್ಕೆ ಬಿಳಿ, ಕಪ್ಪು ಗುಂಡಿಗಳ ನಡುವೆ ಅಲ್ಲಲ್ಲಿ ಕೆಂಪು ಗುಂಡಿ. ಆಮೇಲೆ ಅಭ್ಯಾಸ ನಡೆಯಲಿಲ್ಲ, ಬರೀ ಶ್ಲೇಷೆ. ‘ಅಲಂಕಾರವೇನೋ ಮುಗಿದಿದೆ, ಗೀತೆ ಯಾವಾಗಂತೆ?’ ಎಂದರು ಪಿಟೀಲಿನವರು. ‘48 ಗುಂಡಿ! ಕೊಳ್ಳೋನಿಗೆ ಗುಂಡಿಗೆ ಬೇಕು’ ಎಂದರು ಮೃದಂಗದವರು. ‘ಎಲ್ಲಾ ಗಾಳಿಮಾತು, ನಂಬಬೇಡಿ’ ಎಂದರು ಕೊಳಲಿನವರು. ನಾನೂ ನಕ್ಕೆ. ಆದರೆ ಗುಟ್ಟಾಗಿ ಅದರ ಮೇಲೆ ಆಸೆಯಾಗಿದೆ. ಕೊಳ್ಳಲೇ?

ಉತ್ತರ: ಊದಿಯೇ ಬದುಕುವ ಕೊಳಲಿನವರು ಗಾಳಿಯನ್ನು ಹೀಗೆ ಹಗುರ ಮಾಡಿದರೆ ಹೇಗೆ! ಅಲಂಕಾರದ ಮಾತಿಗೆ ಮಾತ್ರ ನನ್ನ ಪೂರ್ತಿ ಅಂಕ. ಶ್ಲೇಷೆಯೂ ಒಂದು ಅಲಂಕಾರವೇ ಅಲ್ಲವೇ.

ಆದರೆ ನೀವೆಲ್ಲ ನಗಬಾರದ್ದಕ್ಕೆ ನಕ್ಕಿದ್ದೀರಿ. ಆ ಕೆಂಪು ಗುಂಡಿ ಶೋಕಿಯಲ್ಲ, ಗುರುತು. ಇಂಗ್ಲಿಷ್ ಮಾದರಿಯ ಹಳೆಯ ಕಾನ್ಸರ್ಟಿನಾಗಳಲ್ಲಿ ಸಿ ಸ್ವರದ ಗುಂಡಿಗೆ ಕೆಂಪು, ಉಳಿದ ಶುದ್ಧ ಸ್ವರಗಳಿಗೆ ಬಿಳಿ, ನಡುವಿನವಕ್ಕೆ ಕಪ್ಪು ಬಣ್ಣ ಕೊಡುವ ರೂಢಿಯಿತ್ತು. ತಿದಿಯ ಮೇಲೆ ನಕ್ಷತ್ರ, ಚುಕ್ಕಿಗಳ ಕಾಗದ ಅಂಟಿಸುವುದೂ ಹಳೆಯ ಪದ್ಧತಿ. 48 ಗುಂಡಿ ಎಂದರೆ ಬಹುಮಟ್ಟಿಗೆ ಇದು ಲಂಡನ್ನಿನ ಚಾರ್ಲ್ಸ್ ವೀಟ್‌ಸ್ಟೋನ್ ರೂಪಿಸಿದ ಮಾದರಿ. ಭೌತಶಾಸ್ತ್ರದ ಪಾಠದಲ್ಲಿ ವೀಟ್‌ಸ್ಟೋನ್ ಬ್ರಿಡ್ಜ್ ಎಂದು ನಮ್ಮನ್ನು ಗೋಳುಹೊಯ್ದುಕೊಂಡವರೇ ಅವರು. ಇದರಲ್ಲಿ ಪ್ರತಿ ಗುಂಡಿಗೂ ಎರಡು ರೀಡು, ಅಂದರೆ ಗಾಳಿಗೆ ಕಂಪಿಸಿ ನುಡಿಯುವ ಲೋಹದ ನಾಲಗೆ. ಎಳೆಯುವಾಗ ಒಂದು, ಒತ್ತುವಾಗ ಒಂದು. ಒಟ್ಟು 96 ನಾಲಗೆ. ಆದರೂ ಎರಡು ಮಾತಿಲ್ಲ, ಎಳೆದರೂ ಒತ್ತಿದರೂ ಅದೇ ಸ್ವರ. ಆಂಗ್ಲೋ ಎನ್ನುವ ಅದರ ದಾಯಾದಿಯೇ ಎಳೆದರೊಂದು, ಒತ್ತಿದರೊಂದು ಹೇಳುವ ಎರಡು ನಾಲಗೆಯವನು.

ನಗಬೇಕಿದ್ದದ್ದು ಮಖಮಲ್ಲಿಗೆ. ನಗುವುದೇನು, ಅಳಬೇಕು. ಬದಿಯ ಹಲಗೆಯಲ್ಲಿ ಜಾಲರಿಯಂತೆ ಕೊರೆದ ಕಿಂಡಿಗಳಿರುತ್ತವೆ, ನಾದ ಹೊರಗೆ ಬರುವುದೇ ಅಲ್ಲಿಂದ. ಅದನ್ನು ಮುಚ್ಚಿದರೆ ಕಂಬಳಿ ಹೊದ್ದು ಹಾಡಿದ ಹಾಗೆ. ನಾನೂ ಒಮ್ಮೆ ಹೀಗೆಯೇ ಸಿಂಗಾರಕ್ಕೆ ಮರುಳಾದವನು. ಮನೆಗೆ ತಂದು ತಿದಿ ಎಳೆದರೆ, ಒಂದು ಸ್ವರ ಗುಂಡಿ ಬಿಟ್ಟರೂ ನಿಲ್ಲಲೊಲ್ಲದು. ಬಟ್ಟೆ ಅಂಟಿಸಿದ ಗೋಂದು ಕಿಂಡಿಯೊಳಗೆ ಇಳಿದು, ರಂಧ್ರ ಮುಚ್ಚುವ ಚರ್ಮದ ಬಿಲ್ಲೆಯನ್ನು ಓರೆಯಾಗಿ ಹಿಡಿದುಬಿಟ್ಟಿತ್ತು. ಕಾನ್ಸರ್ಟಿನಾ ಕೊಳ್ಳಹೋಗಿ ಶ್ರುತಿಪೆಟ್ಟಿಗೆ ತಂದಂತಾಯಿತು. ಬಿಲ್ಲೆ ಬಿಡಿಸಿದೆ, ಆದರೆ ಚಮಕಿ ಈಗಲೂ ಮನೆಯ ಮೂಲೆಗಳಲ್ಲಿ ಸಿಗುತ್ತಿರುತ್ತದೆ.

ಹಾಗಾಗಿ ಫೋಟೋ ನೋಡಿ ದುಡ್ಡು ಕೊಡಬೇಡಿ, ಕೈಯಲ್ಲಿ ಹಿಡಿದು ನೋಡಿ. ಯಾವ ಗುಂಡಿಯನ್ನೂ ಒತ್ತದೆ, ಮುಚ್ಚಿದ ವಾದ್ಯವನ್ನು ಒಂದು ಬದಿಯಿಂದ ಹಿಡಿದೆತ್ತಿ. ಇನ್ನೊಂದು ಬದಿಗೆ ಕೆಳಗೆ ಕೈ ಕೊಟ್ಟಿರಿ. ಅದು ನಿಧಾನವಾಗಿ ಇಳಿದರೆ ತಿದಿ ಗಟ್ಟಿ, ದೊಪ್ಪನೆ ಬಿದ್ದರೆ ಸೋರುತ್ತಿದೆ. ಆಮೇಲೆ 48 ಗುಂಡಿಗಳನ್ನೂ ಎಳೆಯುತ್ತ ಒಮ್ಮೆ, ಒತ್ತುತ್ತ ಒಮ್ಮೆ ನುಡಿಸಿ. ಮಾರುವವರು ಗಡಿಯಾರ ನೋಡಿದರೆ ನೋಡಲಿ. ಒಂದೆರಡು ರೀಡು ಮೂಕವಾಗಿದ್ದರೆ ಗಾಬರಿ ಬೇಡ, ಎಷ್ಟೋ ಸಲ ಧೂಳಿನ ಎಳೆ ಸಿಕ್ಕಿರುತ್ತದೆ. ಬೆಲೆ ಮಾತಾಡುವಾಗ ಮಖಮಲ್ಲನ್ನು ಕಳೆಯುವ ಲೆಕ್ಕಕ್ಕೆ ಹಾಕಿ, ಕೂಡುವ ಲೆಕ್ಕಕ್ಕಲ್ಲ.

ಇನ್ನೊಂದು, ಶ್ರುತಿ ಅಳೆಯುವ ಟ್ಯೂನರ್ ಒಯ್ಯಿರಿ. ಹಳೆಯವು ಎಷ್ಟೋ ಇಂದಿನ 440ರ ಶ್ರುತಿಗಿಂತ (ಎ ಸ್ವರಕ್ಕೆ 440 ಹರ್ಟ್ಸ್) ಮೇಲಿರುತ್ತವೆ, ಕೆಲವು 452ರ ಹತ್ತಿರ. ಒಂದೊಂದೇ ರೀಡನ್ನು ಅರದಿಂದ ಉಜ್ಜಿ ಇಳಿಸುವುದು ದುಬಾರಿ ಕೆಲಸ. ಅಲ್ಲಿಯವರೆಗೆ ಪಿಟೀಲಿನವರೇ ತಂತಿ ಬಿಗಿದುಕೊಂಡು ಮೇಲೆ ಬರಲಿ. ಅಲಂಕಾರದ ಮಾತೆತ್ತಿದ್ದು ಅವರೇ ತಾನೆ.