ದೊರೆಯ ಮಗಳಲ್ಲದ ಗುಂಡ್ರಾಡಾ

ಓದುಗರ ಪ್ರಶ್ನೆ, ನಮ್ಮ ಉತ್ತರ. ಈ ಸಲ: ಮಧ್ಯಯುಗದ ಯುರೋಪಿನ ಶ್ರೀಮಂತ ಮನೆತನಗಳ ವಂಶಾವಳಿ

ಪ್ರಶ್ನೆ: ಮೊದಲನೇ ವಿಲಿಯಂ ಡಿ ವಾರೆನ್‌ನ ಹೆಂಡತಿ ಗುಂಡ್ರಾಡಾ, 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂ ದೊರೆಯ ಮಗಳು ಎಂದು ಕೆಲವು ವಂಶವೃಕ್ಷಗಳಲ್ಲಿದೆ, ಕೆಲವುಗಳಲ್ಲಿ ಇಲ್ಲ. ಯಾವುದನ್ನು ನಂಬಲಿ?

ಉತ್ತರ: ಅಲ್ಲ ಎಂದೇ ಬರೆದುಕೊಳ್ಳಿ. ‘ಮಗಳು’ ಎಂಬ ಮಾತು ಬರುವುದು ಇಂಗ್ಲೆಂಡಿನ ಲೂಯಿಸ್ ಊರಿನ ಮಠದ ದಾನಪತ್ರಗಳಲ್ಲಿ. ಆ ಮಠ ಕಟ್ಟಿಸಿದವರೇ ಈ ದಂಪತಿ. ಸ್ಥಾಪಕಿ ರಾಜಕುಮಾರಿ ಎಂದಾದರೆ ಮಠದ ಮರ್ಯಾದೆ ಏರುತ್ತದೆ, ಆಸ್ತಿಯ ಹಕ್ಕೂ ಗಟ್ಟಿಯಾಗುತ್ತದೆ. ಆ ಮಾತು ಅವಳ ಕಾಲದ್ದಲ್ಲ, ಆಮೇಲೆ ಸೇರಿದ್ದು ಎಂಬುದು ಇಂದಿನ ವಿದ್ವಾಂಸರ ತೀರ್ಮಾನ.

ಪತ್ರ ನಕಲಿಯಾದ ಮಾತ್ರಕ್ಕೆ ಸಂಬಂಧವೂ ಸುಳ್ಳಾಗಬೇಕಿಲ್ಲ, ನಿಜ. ವಾದ ಮುಗಿಸಿದ್ದು ಬೇರೊಂದು ಕಾಗದ. ಗುಂಡ್ರಾಡಾಳ ಮಗ ಎರಡನೇ ವಿಲಿಯಂ ಡಿ ವಾರೆನ್‌ಗೆ ದೊರೆ ಒಂದನೇ ಹೆನ್ರಿ ತನ್ನ ಮಗಳೊಬ್ಬಳನ್ನು ಕೊಡಲು ಹೊರಟಿದ್ದ. ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆನ್ಸೆಲ್ಮ್ (ತೀರಿಕೊಂಡದ್ದು 1109ರಲ್ಲಿ) ಬೇಡವೆಂದು ಬರೆದ. ಕಾರಣ: ವಧೂವರರು ಒಂದು ಕಡೆಯಿಂದ ನಾಲ್ಕನೇ, ಇನ್ನೊಂದು ಕಡೆಯಿಂದ ಆರನೇ ತಲೆಮಾರಿನ ರಕ್ತಸಂಬಂಧಿಗಳು. ಈ ಹೆನ್ರಿ ಆ ವಿಲಿಯಂ ದೊರೆಯ ಮಗ. ಗುಂಡ್ರಾಡಾ ಅವನ ಒಡಹುಟ್ಟಿದವಳೇ ಆಗಿದ್ದರೆ ಹುಡುಗಿ ವರನಿಗೆ ಸ್ವಂತ ಸೋದರಮಾವನ ಮಗಳು. ನಮ್ಮ ಕಡೆ ಅದು ಹೇಳಿ ಮಾಡಿಸಿದ ಸಂಬಂಧ. ಆನ್ಸೆಲ್ಮ್‌ಗಾದರೆ ಅದಕ್ಕಿಂತ ದೊಡ್ಡ ಆಕ್ಷೇಪ ಬೇಕಿರಲಿಲ್ಲ. ಎರಡನೇ ತಲೆಮಾರಿನ ನಂಟು ಕಣ್ಣೆದುರೇ ಇರುವಾಗ ಆರನೆಯದನ್ನು ಯಾರು ಕೆದಕುತ್ತಾರೆ?

ಚರಿತ್ರೆಕಾರ ಆರ್ಡೆರಿಕ್ ವಿಟಾಲಿಸ್ ಆಕೆಯನ್ನು ಫ್ಲಾಂಡರ್ಸಿನ ಗೆರ್ಬೋಡ್‌ನ ಸೋದರಿ ಎನ್ನುತ್ತಾನೆ. ಅಷ್ಟನ್ನು ಹಾಕಿ, ತಂದೆತಾಯಿಯ ಜಾಗ ಖಾಲಿ ಬಿಡಿ. 1845ರಲ್ಲಿ ರೈಲುಹಾದಿಗಾಗಿ ಮಠದ ನೆಲ ಅಗೆದಾಗ ಗಂಡಹೆಂಡಿರ ಎಲುಬುಗಳಿದ್ದ ಸೀಸದ ಪೆಟ್ಟಿಗೆಗಳು ಸಿಕ್ಕವು. ಅವುಗಳ ಮೇಲೆ ಇದ್ದದ್ದು ಬರೀ ಹೆಸರು.

ಪ್ರಶ್ನೆ: ಫ್ರಾನ್ಸಿನ ಏಳನೇ ಲೂಯಿ, ಅಕ್ವಿಟೇನಿನ ಎಲಿನೋರ್ 1152ರಲ್ಲಿ ರಕ್ತಸಂಬಂಧದ ಕಾರಣಕ್ಕೆ ಬೇರೆಯಾದರಂತೆ. ಈ ತಲೆಮಾರುಗಳನ್ನು ಎಣಿಸುವುದು ಹೇಗೆ?

ಉತ್ತರ: ಇಬ್ಬರಿಗೂ ಮೂಲಪುರುಷನಾದವನನ್ನು ಎಣಿಸದೆ, ಅವನ ಮಕ್ಕಳನ್ನು 1 ಎಂದು ಹಿಡಿದು ಕೆಳಗಿಳಿಯಿರಿ. ಇಲ್ಲಿ ಮೂಲ ಫ್ರಾನ್ಸಿನ ಎರಡನೇ ರೋಬೇರ್. ಲೂಯಿಯ ಕಡೆ: ಒಂದನೇ ಆನ್ರಿ, ಒಂದನೇ ಫಿಲಿಪ್, ಆರನೇ ಲೂಯಿ, ಏಳನೇ ಲೂಯಿ, ನಾಲ್ಕು. ಎಲಿನೋರಳ ಕಡೆ: ಬರ್ಗಂಡಿಯ ರೋಬೇರ್, ಹಿಲ್ಡೆಗಾರ್ಡ್, ಒಂಬತ್ತನೇ ವಿಲಿಯಂ, ಹತ್ತನೇ ವಿಲಿಯಂ, ಎಲಿನೋರ್, ಐದು. ಆಗ ಏಳರವರೆಗೆ ಮದುವೆ ನಿಷಿದ್ಧ. 1215ರ ಲ್ಯಾಟರನ್ ಸಭೆ (ಚರ್ಚಿನ ಮಹಾಸಭೆ) ಅದನ್ನು ನಾಲ್ಕಕ್ಕೆ ಇಳಿಸಿತು. ಎರಡೂ ಕಡೆಯದನ್ನು ಕೂಡಿಸಿ ಒಂಬತ್ತು ಎನ್ನುವುದು ರೋಮನ್ ಕಾನೂನಿನ ಲೆಕ್ಕ, ಅದನ್ನು ಇಲ್ಲಿ ಬೆರೆಸಬೇಡಿ.

ನಂಟು ನಿಜ, ನೆಪವೂ ನಿಜ. 1137ರಲ್ಲಿ ಮದುವೆಯಾಗಿ, ಎರಡು ಹೆಣ್ಣುಮಕ್ಕಳಾಗಿ, ಗಂಡುಸಂತಾನವಿಲ್ಲದೆ ಹದಿನೈದು ವರ್ಷ ಕಳೆದ ಮೇಲೆ ಪಾಪಪ್ರಜ್ಞೆ ಜಾಗೃತವಾಯಿತು. ಎರಡು ತಿಂಗಳೊಳಗೆ ಎಲಿನೋರ್ ಮುಂದೆ ಇಂಗ್ಲೆಂಡಿನ ದೊರೆಯಾದ ಎರಡನೇ ಹೆನ್ರಿಯನ್ನು ಮದುವೆಯಾದಳು. ಅವನೂ ನೆಂಟನೇ!

ಪ್ರಶ್ನೆ: ಜಹಗೀರುದಾರನೊಬ್ಬ ಸತ್ತಾಗ ಇಂಗ್ಲೆಂಡಿನಲ್ಲಿ ನಡೆದ ಸರ್ಕಾರಿ ವಿಚಾರಣೆಯ ದಾಖಲೆಯಲ್ಲಿ ‘ಮೂರನೇ ಎಡ್ವರ್ಡನ 5ನೇ ವರ್ಷ, ಜನವರಿ 10, ವಾರಸುದಾರ ಮಗನಿಗೆ 21 ಮತ್ತು ಮೇಲ್ಪಟ್ಟು’ ಎಂದಿದೆ. ಮಗ ಹುಟ್ಟಿದ್ದು 1310 ಎನ್ನಬಹುದೇ?

ಉತ್ತರ: ಬೇಡ. ಮೊದಲು ತಾರೀಖು ಸರಿಮಾಡಿ. ಮೂರನೇ ಎಡ್ವರ್ಡನ ವರ್ಷ ಶುರುವಾಗುವುದು 1327ರ ಜನವರಿ 25ರಿಂದ. ಹಾಗಾಗಿ 5ನೇ ವರ್ಷ ಎಂದರೆ 1331ರ ಜನವರಿ 25ರಿಂದ 1332ರ ಜನವರಿ 24. ನಿಮ್ಮ ದಾಖಲೆ 1332ರದ್ದು. ಅಂದಿನವರು ಇಸವಿ ಬರೆದಿದ್ದರೆ 1331 ಎಂದೇ ಬರೆಯುತ್ತಿದ್ದರು, ಏಕೆಂದರೆ ಅವರ ಹೊಸ ವರ್ಷ ಮಾರ್ಚ್ 25ಕ್ಕೆ. ಗೊಂದಲ ಬೇಡವೆಂದರೆ 1331/2 ಎಂದು ಬರೆದಿಡಿ.

ಇನ್ನು ವಯಸ್ಸು. ‘21 ಮತ್ತು ಮೇಲ್ಪಟ್ಟು’ ಎಂದರೆ ಹುಡುಗ ಪ್ರಾಪ್ತ ವಯಸ್ಕ, ಅಷ್ಟೇ. ಅವನಿಗೆ ಮೂವತ್ತೈದೂ ಆಗಿರಬಹುದು. ‘1311ರ ಜನವರಿ 10ಕ್ಕೆ ಮೊದಲು’ ಎಂದು ಬರೆಯಿರಿ. ವಾರಸುದಾರ ಚಿಕ್ಕವನಾಗಿದ್ದರೆ ವಯಸ್ಸು ಹೆಚ್ಚು ನಂಬಲರ್ಹ. ಅವನು 21 ತುಂಬುವವರೆಗೆ ಜಮೀನಿನ ಆದಾಯವೂ ಅವನ ಮದುವೆ ಗೊತ್ತುಮಾಡುವ ಹಕ್ಕೂ ದೊರೆಗೆ ಸೇರುತ್ತಿದ್ದರಿಂದ ಅಧಿಕಾರಿಗಳು ವಯಸ್ಸನ್ನು ಬಿಗಿಯಾಗಿ ಕೇಳುತ್ತಿದ್ದರು. ಹೆಣ್ಣಿಗೆ ಮಿತಿ ಬೇರೆ: ಮದುವೆಯಾಗಿದ್ದರೆ 14, ಇಲ್ಲವಾದರೆ 16.

ಜಮೀನು ನಾಲ್ಕು ಕೌಂಟಿಗಳಲ್ಲಿದ್ದರೆ ವಿಚಾರಣೆಯೂ ನಾಲ್ಕು, ಪಂಚರೂ ಬೇರೆ ಬೇರೆ, ಹೇಳಿದ ವಯಸ್ಸೂ ಬೇರೆ ಬೇರೆ. ಎಲ್ಲವನ್ನೂ ಎದುರಿಗಿಟ್ಟುಕೊಂಡು, ಮನೆತನ ವಾಸವಿದ್ದ ಕೌಂಟಿಯ ಮಾತಿಗೆ ಹೆಚ್ಚು ತೂಕ ಕೊಡಿ. ಹಿರಿಮಗನಿದ್ದರೆ ತಮ್ಮಂದಿರ ಹೆಸರು ಸಾಮಾನ್ಯವಾಗಿ ಬರುವುದೇ ಇಲ್ಲ. ಬಂದಿಲ್ಲ ಎಂದು ಅವರು ಹುಟ್ಟಿಯೇ ಇರಲಿಲ್ಲ ಎನ್ನುವಂತಿಲ್ಲ. ಗಂಡುಮಕ್ಕಳಿಲ್ಲದಿದ್ದರೆ ಹೆಣ್ಣುಮಕ್ಕಳೆಲ್ಲ ಸಮಪಾಲಿನ ವಾರಸುದಾರರು, ಎಲ್ಲರ ಹೆಸರೂ ಸಿಗುತ್ತದೆ. ಮುಂದೆ ವಾರಸುದಾರ ವಯಸ್ಸಿಗೆ ಬಂದಾಗ ನಡೆದ ‘ವಯಸ್ಸಿನ ಸಾಕ್ಷ್ಯ’ ಸಿಕ್ಕರೆ ಅದನ್ನೂ ನೋಡಿ. ‘ಅವನು ಹುಟ್ಟಿದ ದಿನ ಕುದುರೆಯಿಂದ ಬಿದ್ದು ನನ್ನ ಕಾಲು ಮುರಿಯಿತು, ಅದಕ್ಕೇ ನೆನಪು’ ಎಂಬಂಥ ಮಾತುಗಳಿರುತ್ತವೆ. ಓದಲು ಸೊಗಸು, ಆದರೆ ಇವು ಊರೂರಿಗೆ ಮರುಕಳಿಸುತ್ತವೆ. ಎಷ್ಟು ಕಾಲು ಮುರಿದವೋ!

ಪ್ರಶ್ನೆ: ಹೆಸರಿನಲ್ಲಿ ‘ಫಿಟ್ಜ್’ ಇದ್ದರೆ ಅನೌರಸ ಎಂದು ಅರ್ಥವೇ?

ಉತ್ತರ: ಅಲ್ಲ, ‘ಇಂಥವನ ಮಗ’ ಎಂದಷ್ಟೇ. ಕ್ಲೇರ್ ಮನೆತನದಲ್ಲಿ ರಿಚರ್ಡ್ ಫಿಟ್ಜ್ ಗಿಲ್ಬರ್ಟ್, ಅವನ ಮಗ ಗಿಲ್ಬರ್ಟ್ ಫಿಟ್ಜ್ ರಿಚರ್ಡ್, ಅವನ ಮಗ ಮತ್ತೆ ರಿಚರ್ಡ್ ಫಿಟ್ಜ್ ಗಿಲ್ಬರ್ಟ್. ತಾತನನ್ನೂ 1136ರಲ್ಲಿ ವೇಲ್ಸಿನಲ್ಲಿ ಕೊಲೆಯಾದ ಮೊಮ್ಮಗನನ್ನೂ ಒಂದೇ ಆಳು ಮಾಡಿಬಿಡುವುದು ಇಲ್ಲಿನ ಅಪಾಯ. ಇಸವಿ ಹಾಕದೆ ಹೆಸರು ಬರೆಯಬೇಡಿ.

ಪ್ರಶ್ನೆ: ಲ್ಯಾಟಿನ್ ಪತ್ರದಲ್ಲಿ ‘ನೆಪೋಸ್’ ಎಂದಿದೆ. ಮೊಮ್ಮಗನೋ, ಸೋದರಳಿಯನೋ?

ಉತ್ತರ: ಎರಡೂ ಆಗಬಹುದು, ಅಣ್ಣತಮ್ಮಂದಿರ ಮಗನೂ ಆಗಬಹುದು. ಇಬ್ಬರಿಗೂ ಎಷ್ಟು ವರ್ಷದ ಅಂತರ, ಜಮೀನು ಯಾರಿಂದ ಯಾರಿಗೆ ಹೋಯಿತು ಎಂಬುದನ್ನು ಬೇರೆ ಪತ್ರಗಳಲ್ಲಿ ಹುಡುಕಿ. ಸಿಗುವವರೆಗೆ ವಂಶವೃಕ್ಷದಲ್ಲಿ ಗೆರೆ ಎಳೆಯಬೇಡಿ, ಪಕ್ಕದಲ್ಲಿ ‘ನೆಪೋಸ್’ ಎಂದೇ ಬರೆದಿಡಿ.