ಹೊಲವಿಲ್ಲದವರ ಚರಗ

ಪ್ರಶ್ನೆ: ನಮ್ಮ ಹೊಲ ಮಾರಿ ಹಲವು ವರ್ಷಗಳಾದವು. ಆದರೂ ತಂದೆಯವರು ಎಳ್ಳ ಅಮಾವಾಸ್ಯೆಗೆ ಸಜ್ಜಿ ಕಡುಬು, ಶೇಂಗಾ ಹೋಳಿಗೆ ಕಟ್ಟಿಸಿಕೊಂಡು ಬೀಗರ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ ಬರುತ್ತಾರೆ. ಕೇಳಿದರೆ ‘ಹಿಂದಿನಿಂದ ಬಂದದ್ದು’ ಎನ್ನುತ್ತಾರೆ. ಕಾರಣ ತಿಳಿಯದೆ ಸಂಪ್ರದಾಯ ಪಾಲಿಸುವುದಕ್ಕಿಂತ, ವಿಚಾರ ಮಾಡಿ ಒಂದು ಜೀವನ ದರ್ಶನವನ್ನು ಆಯ್ದುಕೊಳ್ಳುವುದು ಮೇಲಲ್ಲವೇ?
— ಓದುಗರೊಬ್ಬರು, ಇಂಡಿ

ಉತ್ತರ: ಮನುಷ್ಯರು ಬಹುಪಾಲು ಮೊದಲು ಮಾಡುತ್ತಾರೆ, ಕಾರಣವನ್ನು ಆಮೇಲೆ ಹುಡುಕುತ್ತಾರೆ. ಸಂಶೋಧಕರಾದ ವಿಕ್ಟೋರಿಯಾ ಹಾರ್ನರ್ ಮತ್ತು ಆಂಡ್ರ್ಯೂ ವೈಟನ್ 2005ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಬ್ಬರು ತೆರೆದು ತೋರಿಸಿದ ಪಾರದರ್ಶಕ ಪೆಟ್ಟಿಗೆಯೊಂದನ್ನು ತಾವೂ ತೆರೆಯುವಾಗ ಚಿಂಪಾಂಜಿಗಳು ಅನಗತ್ಯ ಕ್ರಿಯೆಗಳನ್ನು ಕೈಬಿಟ್ಟವು. ಮೂರ್ನಾಲ್ಕು ವರ್ಷದ ಮಕ್ಕಳೋ ತೋರಿಸಿದ್ದನ್ನೆಲ್ಲ ಹಾಗೆಯೇ ಮಾಡಿದರು. ಇದನ್ನು ದಡ್ಡತನವೆಂದು ತಳ್ಳಿಹಾಕಬೇಡಿ. ಬಿತ್ತನೆಯ ಹದವನ್ನಾಗಲಿ ಅಡುಗೆಯನ್ನಾಗಲಿ ಪ್ರತಿ ತಲೆಮಾರೂ ಮೊದಲಿನಿಂದ ಕಂಡುಹಿಡಿಯಬೇಕಾಗಿದ್ದರೆ ನಾವು ಯಾರೂ ಉಣ್ಣುತ್ತಿರಲಿಲ್ಲ.

ಹಿಂಗಾರಿ ಜೋಳ ಎದ್ದು ನಿಂತ ಎರೆಹೊಲದಲ್ಲಿ ಬಂಧುಬಳಗ ಕೂಡಿ, ಭೂಮಿತಾಯಿಗೆ ಎಡೆ ಚೆಲ್ಲಿದ ಮೇಲೆ ಬದುವಿನ ಮೇಲೆ ಕುಳಿತು ಬುತ್ತಿ ಬಿಚ್ಚುವ ಆ ದಿನ, ಹೊಲ ಕಳೆದುಕೊಂಡವರನ್ನೂ ಒಕ್ಕಲುತನದವರ ಪಂಕ್ತಿಯಲ್ಲೇ ಕೂಡಿಸುತ್ತದೆ. ತಂದೆಯವರ ಉತ್ತರದಲ್ಲಿ ಇದೆಲ್ಲ ಅಡಗಿದ್ದೀತು. ಬಿಡಿಸಿ ಹೇಳುವ ರೂಢಿ ನಮ್ಮ ಕಡೆಯ ಹಿರಿಯರಿಗೆ ಕಡಿಮೆ.

ಇನ್ನು ಆಯ್ಕೆಯ ಮಾತು. ನಿಮ್ಮದೇ ಜಿಲ್ಲೆಯ ಬಾಗೇವಾಡಿಯ ಬಸವಣ್ಣನವರು ಉಪನಯನವನ್ನು ನಿರಾಕರಿಸಿ ಕೂಡಲಸಂಗಮಕ್ಕೆ ನಡೆದರೆಂದು ಪರಂಪರೆ ಹೇಳುತ್ತದೆ. ಅವರು ವಿಚಾರದಿಂದ ಹಿಡಿದ ದಾರಿ ಇಂದು ಮನೆಮನೆಗಳಲ್ಲಿ ಎಳೆಗೂಸಿಗೆ ಲಿಂಗ ಕಟ್ಟುವ ಸಂಪ್ರದಾಯವಾಗಿದೆ. ಆ ಕೂಸು ಏನನ್ನೂ ಆಯ್ದುಕೊಂಡಿಲ್ಲ. ಒಬ್ಬರ ದರ್ಶನ ಮುಂದಿನವರಿಗೆ ರೂಢಿಯಾಗುವುದರಿಂದ, ಇವೆರಡನ್ನು ಮೇಲು ಕೀಳೆಂದು ತೂಗುವುದು ನನಗೆ ಸರಿಕಾಣುವುದಿಲ್ಲ. ರೂಢಿಯ ಒಳಗಿದ್ದೂ ವಿಚಾರ ಸಾಧ್ಯ. ಲಿಂಗಾಯತ ಮಠಗಳಲ್ಲಿ ಸ್ವಾಮಿಗಳನ್ನು ಸಮಾಧಿ ಮಾಡುವುದು ವಾಡಿಕೆ. ಆದರೆ ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ತಮ್ಮ ದೇಹವನ್ನು ದಹಿಸಬೇಕು, ಸ್ಮಾರಕ ಕಟ್ಟಬಾರದು ಎಂದು 2014ರಲ್ಲೇ ಬರೆದಿಟ್ಟಿದ್ದರು. 2023ರ ಜನವರಿಯಲ್ಲಿ ಅವರು ಲಿಂಗೈಕ್ಯರಾದಾಗ ಭಕ್ತರು ಹಾಗೆಯೇ ನಡೆದುಕೊಂಡರು.

ನೀವು ತಂದೆಯವರ ಸಂಗಡ ಚರಗಕ್ಕೆ ಹೋಗಿ ಬನ್ನಿ. ಅದರಿಂದ ಯಾರಿಗೂ ಕೇಡಿಲ್ಲ. ನಿಮ್ಮ ವಿಚಾರಶಕ್ತಿಗೆ ಬೇರೆ ಕೆಲಸವಿದೆ. ಮನೆಯಲ್ಲಿ ಉಡಿ ತುಂಬುವಾಗ ಗಂಡನನ್ನು ಕಳೆದುಕೊಂಡ ಅತ್ತೆಯನ್ನೋ ಚಿಕ್ಕಮ್ಮನನ್ನೋ ಒಳಕೋಣೆಯಲ್ಲಿ ಕೂಡಿಸುವ ಪದ್ಧತಿ ಇದ್ದರೆ, ‘ಏಕೆ’ ಎಂಬ ಪ್ರಶ್ನೆಯನ್ನು ಅಲ್ಲಿ ಕೇಳಿ, ‘ಹಿಂದಿನಿಂದ ಬಂದದ್ದು’ ಎಂಬ ಉತ್ತರವನ್ನು ಅಲ್ಲಿ ಒಪ್ಪಬೇಡಿ.